ಅಕ್ಕನ ಪಾಲಿನ ಅವ್ವ

ನನ್ನವ್ವ ಚಿಕ್ಕಲಕ್ಷ್ಮಮ್ಮನಿಗೆ ಈಗ ನಾನೆಂಬ ಮಗಳೇ ಇಲ್ಲ. ಮಾಗಡಿಯ ಡಾಕ್ಟರು ಮೊದಲೇ ಹೇಳಿದ್ದರು, ಈ ಮರೆವು ಹಿಂದಕ್ಕೆ ನಡೆಯುತ್ತದೆ, ಈಚಿನದೆಲ್ಲ ಮೊದಲು ಹೋಗುತ್ತದೆ ಅಂತ. ಹಾಗೇ ಆಯಿತು. ಮೊದಲು ಮೊಮ್ಮಕ್ಕಳು ಹೋದರು, ಆಮೇಲೆ ಅಪ್ಪ ಸತ್ತದ್ದು ಹೋಯಿತು. ಈಗ ಅವ್ವ ಒಂದೇ ಮಗುವಿನ ಹರೆಯದ ತಾಯಿ. ಆ ಒಂದು ಮಗು ನಮ್ಮಕ್ಕ ರಾಧಾಮಣಿ.

ಮೈ ಉರಿಯುವುದಿಲ್ಲವೇ? ಸೋಲೂರಿನ ಡೈರಿಗೆ ಹಾಲು ಹಾಕಿ ಓಡಿ ಬಂದು ಅವ್ವನ ತಲೆ ಬಾಚುವವಳು ನಾನು, ಮುದ್ದೆಯನ್ನು ಸಾರಿನಲ್ಲಿ ಕಿವುಚಿ ಉಣಿಸುವವಳು ನಾನು. ಅಕ್ಕ ಕನಕಪುರದಿಂದ ಹಬ್ಬಕ್ಕೊಮ್ಮೆ ಬಂದು, ಎರಡು ಬನ್ನು ಕೊಟ್ಟು, ಕಣ್ಣೊರೆಸಿಕೊಂಡು ಸಂಜೆ ಬಸ್ಸು ಹತ್ತುತ್ತಾಳೆ. ಅವ್ವ ಮಾತ್ರ ನನ್ನ ಕೈತುತ್ತು ನುಂಗುತ್ತ, "ನಮ್ ರಾಧ ಉಂಡ್ಳಾ? ನೀನ್ಯಾರಮ್ಮಿ, ಒಳ್ಳೇವ್ಳು ಕಣೆ" ಎನ್ನುತ್ತಾಳೆ. ಕೂಲಿಯವಳಿಗೆ ಹೇಳಿದ ಹಾಗೆ!

ಮೊನ್ನೆ ತಡೆಯಲಾಗಲಿಲ್ಲ. "ಅವ್ವಾ, ನಾನೇ ರಾಧ" ಎಂದುಬಿಟ್ಟೆ.

ಅವ್ವನ ಮುಖ ಅರಳಿತು. ನನ್ನ ತಲೆಯನ್ನು ಎಳೆದು ತೊಡೆಯ ಮೇಲಿಟ್ಟುಕೊಂಡಳು. ನಲವತ್ತು ದಾಟಿದ ಹೆಂಗಸು ನಾನು, ನಾಚಿಕೆ ಬಿಟ್ಟು ಮಲಗಿದೆ. ಕದ್ದದ್ದೇ ಆಗಲಿ, ಸಿಕ್ಕಿತಲ್ಲ.

"ಸಿಟ್ಟೇನವ್ವ ನನ್ ಮ್ಯಾಲೆ?" ಅವ್ವ ಕೂದಲು ಸವರಿದಳು. "ಹಾಲು ಬುಡ್ಸಾಕೆ ಎದೆಗೆ ಬೇವು ಅರ್ದು ಹಚ್ಕಂಡೆ, ಕಹಿ ಕಹಿ ಅಂತ ಎಷ್ಟ್ ಅತ್ತೆ ನೀನು! ಏನ್ಮಾಡ್ಲಿ, ಹೊಟ್ಟೇಲಿ ಇನ್ನೊಂದು ಕೂಸೈತೆ."

ಆ ಕೂಸು ನಾನೇ. ನನಗಾಗಿ ಅಕ್ಕನ ಬಾಯಿಗೆ ಬೇವು ಬಿದ್ದಿತ್ತು. ಅಕ್ಕನ ಮೇಲೆ ಕರುಣೆ ಬರಬೇಕಿತ್ತು. ಬಂದದ್ದು ಹೊಟ್ಟೆಯೊಳಗಿನ ಕೂಸಿನ ಮೇಲೆ ಹೊಟ್ಟೆಕಿಚ್ಚು.

"ನಿಂಗೆ ಯಾರು ಜಾಸ್ತಿ? ನಾನಾ, ಅದಾ?"

ಅವ್ವ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಬೇಜಾರ್ ಮಾಡ್ಕಬ್ಯಾಡ. ಅದೇ ಕಣವ್ವ. ಇನ್ನೂ ಮೊಕ ನೋಡಿಲ್ಲ, ಆಗ್ಲೇ ಜೀವ ಎಲ್ಲಾ ಅದ್ರ ಮ್ಯಾಲೇ ಐತೆ."

"ಅದ್ಕೆ ಭಾನು ಅಂತ ಹೆಸರಿಡವ್ವ" ಎಂದೆ.

ಅವ್ವ ಸುಕ್ಕುಬಿದ್ದ ಹೊಟ್ಟೆಯನ್ನು ಸವರಿಕೊಂಡಳು. "ಭಾನೂ, ಬಿರ್ನೆ ಬಾರವ್ವ."

ಅವಳ ಬಾಯಲ್ಲಿ ನನ್ನ ಹೆಸರು ಕೇಳಿ ಎಷ್ಟು ಕಾಲವಾಗಿತ್ತೋ. ತಟ್ಟನೆ ಎದ್ದು ಕೂತು, "ಬಂದೆ ಕಣವ್ವ" ಎಂದೆ.

ಅವ್ವ ನಕ್ಕು ನನ್ನ ಕೆನ್ನೆ ತಟ್ಟಿದಳು. "ನಿನ್ನಲ್ಲ ರಾಧ, ಕೂಸ್ನ ಕರ್ದಿದ್ದು."