ಆಮೇಲೆ ಸೇರಿಸಿದ ಮೆಮೊರಿ

ಗುಜರಿ ಅಂಗಳದ ಕ್ರೇನು ಮ್ಯಾಗ್ನೆಟ್ಟಿನಿಂದ ಎತ್ತಿ ಹಿಡಿದಿದ್ದ ಕಬ್ಬಿಣದ ರಾಶಿ ಹಾಡಹಗಲೇ ದಬಾರನೆ ಕೆಳಗೆ ಬಿತ್ತು. ಅಡಿಯಲ್ಲಿ ಹಾದುಹೋಗುತ್ತಿದ್ದವನು ಅಲ್ಲೇ ಗ್ಯಾಸಿನಿಂದ ಕಬ್ಬಿಣ ಕತ್ತರಿಸುವ ಗೂಳಿ ಎಂಬವನ ಒಡಹುಟ್ಟಿದ ತಮ್ಮ. ಕಬ್ಬಿಣ ಸರಿಸಿ ನೋಡಿದರೆ ಮುಖ ಯಾವುದು, ಎದೆ ಯಾವುದು ಎಂದು ಗುರುತು ಹತ್ತದಂತಾಗಿತ್ತು.

ಕ್ರೇನ್ ಆಪರೇಟರ್ ಏಣಿಯಿಳಿದು ಬರುವಷ್ಟರಲ್ಲಿ ಗೂಳಿ ಸುತ್ತಿಗೆ ಹಿಡಿದು ನಿಂತಿದ್ದ. ಹಿಂದಿನ ದಿನವಷ್ಟೇ ಸತ್ತವನೂ ಆಪರೇಟರೂ ಕೈಕೈ ಮಿಲಾಯಿಸಿದ್ದನ್ನು ಇಡೀ ಅಂಗಳ ನೋಡಿತ್ತು.

"ಯಾವ ಕೈಲೋ ಮ್ಯಾಗ್ನೆಟ್ ಆರಿಸಿದ್ದು?"

"ನಾನು ಆರಿಸ್ಲಿಲ್ಲಣ್ಣ, ತಾನಾಗೇ..."

ಗೂಳಿ ಅವನ ಬಲಗೈಯನ್ನು ಹಳಿಯ ತುಂಡಿನ ಮೇಲೆ ಒತ್ತಿಹಿಡಿದು ಸುತ್ತಿಗೆ ಬೀಸಿದ. ಎರಡನೇ ಏಟಿಗೆ ಬೆರಳಿನ ಮೂಳೆ ಚರ್ಮ ಸೀಳಿ ಹೊರಬಂತು.

ಕಂಪ್ಯೂಟರ್ ಕೋಣೆಯಿಂದ ಆಪರೇಟರನ ಅತ್ತಿಗೆ ಓಡಿಬಂದು ನಡುವೆ ಬಿದ್ದಳು. ಅವನು ಅವಳ ಗಂಡನ ತಮ್ಮ; ಕ್ರೇನು ನಡೆಸುವ ಕಂಪ್ಯೂಟರಿನ ಉಸ್ತುವಾರಿ ಅವಳದು. ಗೂಳಿಯ ಮೊಣಕೈ ಬಡಿದು ಅವಳ ಬಾಯಿ ರಕ್ತದಿಂದ ತುಂಬಿತು.

"ಮಷೀನೇ ಕ್ರ್ಯಾಶ್ ಆಗಿತ್ತು ಕಣೋ! ಅವನೇನೂ ಮಾಡಿಲ್ಲ!"

"ಮೈದುನನ ಪರ ನೀನಲ್ದೆ ಇನ್ಯಾರು ಮಾತಾಡ್ತಾರೆ?" ಎಂದ ಗೂಳಿ, ಪೊಲೀಸರು ಎಳೆದೊಯ್ಯುವಾಗ ಹಿಂತಿರುಗಿ ಕೂಗಿದ. "ಇನ್ನೊಂದು ಕೈ ಉಳಿದಿದೆ ಅಂತ ಹೇಳು ಅವನಿಗೆ!"

ಆಸ್ಪತ್ರೆಯಲ್ಲಿ ಮಲಗಿದ್ದ ಮೈದುನನ ಮೇಲೆ ಕೊಲೆಯ ಕೇಸು ಬಿತ್ತು. ಗೂಳಿ ಜಾಮೀನಿನ ಮೇಲೆ ಹೊರಬಂದ.

ಕ್ರೇನನ್ನೂ ಅದರ ಮ್ಯಾಗ್ನೆಟ್ಟನ್ನೂ ನಡೆಸುತ್ತಿದ್ದದ್ದು ಒಂದು ವರ್ಚುವಲ್ ಮಷೀನು, ಎಂದರೆ ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಲ್ಲೇ ಕಟ್ಟಿದ ಇನ್ನೊಂದು ಕಂಪ್ಯೂಟರು; ಅದು ಕುಸಿದರೆ ಮ್ಯಾಗ್ನೆಟ್ಟೂ ಆರುತ್ತಿತ್ತು. ಅದರ ತಿರುಳಾದ ಕರ್ನಲ್ ಕುಸಿದ ಗಳಿಗೆಯಲ್ಲಿ ಮೆಮೊರಿಯಲ್ಲಿ ಏನೇನಿತ್ತೋ ಅಷ್ಟನ್ನೂ ಬಾಚಿಡುವ ಡಂಪ್ ವ್ಯವಸ್ಥೆಯೂ ಇತ್ತು. ಅತ್ತಿಗೆ ಡಂಪ್ ತೆರೆದಳು. ಕುಸಿತದ ಜಾಡು ಹಿಡಿದು ಹೋದರೆ ಕೊನೆಗೆ ಸಿಕ್ಕಿದ್ದು ಬರೀ ಖಾಲಿ: ಬೇಕಾದ ಭಾಗವೇ ಡಂಪಿನಲ್ಲಿರಲಿಲ್ಲ.

ಯಾಕಿಲ್ಲ ಎಂಬುದು ಆಮೇಲೆ ಹೊಳೆಯಿತು. ಕ್ರೇನು ರಾಶಿ ಬೀಳಿಸುವ ಮುಂಚೆ, ಓಡುತ್ತಿದ್ದ ಮಷೀನಿಗೇ ಹೊಸ ಮೆಮೊರಿ ಸೇರಿಸಿದ್ದರು. "ಮ್ಯಾಗ್ನೆಟ್ ನಡೆಸೋ ಕಾರ್ಡು ಹಳೇದು ಸಾರ್, ಹೊಸ ಮೆಮೊರಿ ಒಗ್ಗದೇ ಇರ್ಬಹುದು, ಕ್ರೇನ್ ನಿಲ್ಲಿಸಿ ಪರೀಕ್ಷೆ ಮಾಡೋಣ" ಎಂದು ಅವಳು ಅಂಗಲಾಚಿದ್ದಳು. "ಲಾರಿ ಸಾಲುಗಟ್ಟಿವೆ, ಬಾಯ್ಮುಚ್ಚಿಕೊಂಡು ಸೇರಿಸು" ಎಂದಿದ್ದ ಮ್ಯಾನೇಜರ್. ಸೇರಿಸಿದ್ದಳು. ಆದರೆ ಡಂಪ್ ವ್ಯವಸ್ಥೆಗೆ ಗೊತ್ತಿದ್ದದ್ದು ಮೊದಲಿಂದ ಇದ್ದ ಮೆಮೊರಿ ಮಾತ್ರ. ಹೊಸದು ಬಂದ ಮೇಲೆ ಆ ವ್ಯವಸ್ಥೆಯನ್ನು ಮತ್ತೆ ಲೋಡ್ ಮಾಡಬೇಕಿತ್ತು. ಆ ಗಡಿಬಿಡಿಯಲ್ಲಿ ಅದು ತಪ್ಪಿಹೋಗಿತ್ತು.

ಇನ್ಸ್‌ಪೆಕ್ಟರಿಗೆ ಹೇಳಿ ಮತ್ತೆ ಅದೇ ಸ್ಥಿತಿ ಕಟ್ಟಿದಳು. ಹಳೆಯ ಮೆಮೊರಿಯಲ್ಲಿ ಮಷೀನು ಶುರುಮಾಡಿ, ಓಡುತ್ತಿರುವಾಗಲೇ ಹೊಸದನ್ನು ಸೇರಿಸಿದಳು. ಈ ಸಲ ಡಂಪ್ ವ್ಯವಸ್ಥೆಯನ್ನೂ ಮತ್ತೆ ಲೋಡ್ ಮಾಡಿದಳು. ಅಂಗಳ ಖಾಲಿ ಮಾಡಿಸಿ, ಕಣ್ಣಾರೆ ನೋಡಲೆಂದು ಗೂಳಿಯನ್ನೇ ಕ್ಯಾಬಿನ್ನಿಗೆ ಹತ್ತಿಸಿದಳು.

"ಎತ್ತು, ಇಳಿಸು. ಮ್ಯಾಗ್ನೆಟ್ ಮಾತ್ರ ಆರಿಸ್ಬೇಡ."

ಗೂಳಿ ಹಲ್ಲುಕಚ್ಚಿ ರಾಶಿಗಳ ಮೇಲೆ ರಾಶಿ ಎತ್ತಿ ಇಳಿಸಿದ. ಏನೂ ಆಗದೆ ಮಧ್ಯಾಹ್ನವಾಯಿತು. ಮ್ಯಾನೇಜರ್ ನಗತೊಡಗಿದ್ದ. ಆಗ ಬಿತ್ತು. ನೆಲ ನಡುಗಿತು; ಸಿಡಿದ ಕಬ್ಬಿಣದ ಚೂರೊಂದು ಕಚೇರಿಯ ಗಾಜನ್ನು ಪುಡಿ ಮಾಡಿತು.

ಗೂಳಿ ಏಣಿಯಿಳಿದು ಬಂದ. "ನಾನು ಸ್ವಿಚ್ ಮುಟ್ಲೇ ಇಲ್ಲ," ಎಂದ, ಯಾರೂ ಕೇಳದಿದ್ದರೂ.

ಡಂಪ್ ಈ ಸಲ ಇಡಿಯಾಗಿ ಬಂದಿತ್ತು. ಹೊಸ ಮೆಮೊರಿಯನ್ನು ಮ್ಯಾಗ್ನೆಟ್ ಕಾರ್ಡನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್ ಸರಿಯಾಗಿ ತಲುಪಲಾರದೆ ಬೇರೆಲ್ಲೋ ಬರೆದು, ಕರ್ನಲ್ಲನ್ನೇ ಕೆಡವಿದ್ದು ಅದರಲ್ಲಿ ಕಣ್ಣಿಗೆ ಕಟ್ಟಿದಂತಿತ್ತು. ಅತ್ತಿಗೆ ಒಂದೊಂದನ್ನೇ ಬಿಡಿಸಿ ಹೇಳಿದಳು, ನಿಲ್ಲಿಸಲು ಬಿಡದವರು ಯಾರೆಂಬುದನ್ನೂ.

"ಯಂತ್ರ ಅಂದ್ಮೇಲೆ ಇಂಥವೆಲ್ಲ ಇದ್ದಿದ್ದೇ ಬಿಡಿ," ಎಂದ ಮ್ಯಾನೇಜರ್.

ಗೂಳಿ ತಲೆಯಿಂದ ಗುದ್ದಿದ ರಭಸಕ್ಕೆ ಅವನ ಮೂಗು ಚಪ್ಪಟೆಯಾಯಿತು. ಕೆಳಗೆ ಬಿದ್ದವನ ದವಡೆಗೆ ಬೂಟುಗಾಲಿನಿಂದ ಒದ್ದ. ಪೊಲೀಸರು ಬಿಡಿಸಲು ಒದ್ದಾಡುತ್ತಿದ್ದರು. ಅತ್ತಿಗೆ ಒಂದು ಹೆಜ್ಜೆಯೂ ಮುಂದಿಡಲಿಲ್ಲ. ದವಡೆ ಮುರಿದ ಸದ್ದು ಕೇಳಿದಾಗ ಹಿತವೆನಿಸಿತು, ಆ ಹಿತಕ್ಕೇ ಆಮೇಲೆ ಮೈ ಜುಮ್ಮೆಂದಿತು.

ಮೈದುನನ ಮೇಲಿನ ಕೇಸು ಬಿದ್ದುಹೋಯಿತು. ಮ್ಯಾನೇಜರನನ್ನು ಪೊಲೀಸರು ಆಸ್ಪತ್ರೆಯಿಂದ ನೇರ ಠಾಣೆಗೆ ಕರೆದೊಯ್ದರು. ಗೂಳಿ ಮತ್ತೆ ಒಳಗಾದ. ಮೈದುನನ ಮೂರು ಬೆರಳು ಕತ್ತರಿಸಿದ್ದರು.

"ಗೂಳಿ ಏನಂದ ಅತ್ತಿಗೆ?"

"ಅತ್ತ. ನಿನ್ ಕಾಲು ಹಿಡ್ಕೋತೀನಿ ಅಂದ."

ಮೈದುನ ಕೈಯ ಬ್ಯಾಂಡೇಜನ್ನೇ ದಿಟ್ಟಿಸಿದ. "ಬರೋದು ಬೇಡ ಅನ್ನಿ," ಎಂದು ಗೋಡೆಯ ಕಡೆ ಮಗ್ಗುಲಾದ.