ಕೌದಿಯ ಅಗಲ

ಕರಜಗಿಯ ಬೀರಲಿಂಗಪ್ಪನ ಮನೆಯಲ್ಲಿ ಗಂಡಹೆಂಡತಿ ಹಿರಿಯರೆದುರು ನೇರ ಮಾತಾಡುವ ರೂಢಿ ಇರಲಿಲ್ಲ. ಮಾತು ಅತ್ತೆಯ ಮೂಲಕ ಹೋಗಬೇಕು, ಅತ್ತೆಯ ಮೂಲಕವೇ ಬರಬೇಕು. ಮಗ ಗುರುಶಾಂತ ಅಡುಗೆಮನೆಯ ಹೊಸ್ತಿಲಿಗೆ ಅಂಟಿಕೊಂಡೇ ಊಟಕ್ಕೆ ಕೂತಿದ್ದರೂ ಸೊಸೆ ಶಿವಕಾಂತಾ ಒಲೆಯ ಮುಂದಿನಿಂದ, "ಅತ್ತಿ, ಅವರಿಗಿ ಇನ್ನೊಂದ್ ರೊಟ್ಟಿ ಬೇಕೇನು ಕೇಳ್ರಿ," ಅನ್ನುವಳು. ನಡುವೆ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದ ಸಾಬಮ್ಮ ತಲೆ ಎತ್ತದೆ, "ಬೇಕೇನೋ?" ಅನ್ನುವಳು.

"ಸಾಕಂತ ಹೇಳವ್ವ."

"ಸಾಕಂತವಾ."

ಮೂವರಿಗೂ ಎಲ್ಲ ಮಾತೂ ಕೇಳಿಸುತ್ತಿತ್ತು. ಆದರೂ ಪ್ರತಿ ಮಾತೂ ಎರಡೆರಡು ಸಲ ಹುಟ್ಟುತ್ತಿತ್ತು.

ಗುರುಶಾಂತನಿಗೆ ಇದು ಒಗ್ಗಿಹೋಗಿತ್ತು ಅನ್ನಬೇಕು. ಎಂ.ಎ. ಮುಗಿಸಿ ಅಫಜಲಪುರದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು ಅವನು. ತರಗತಿಯಲ್ಲಿ ಸುಲ್ತಾನರ ಬಗ್ಗೆ ಎಷ್ಟು ಬೇಕಾದರೂ ಮಾತಾಡುತ್ತಿದ್ದ. ಮನೆಗೆ ಬಂದರೆ ಮಾತನ್ನು ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಬರುತ್ತಿದ್ದ. ಮದುವೆಯಾಗಿ ಒಂದು ಮಳೆಗಾಲ ಕಳೆದು ಚಳಿ ಬಿದ್ದಿತ್ತು. ತಮ್ಮ ಕೋಣೆಯಲ್ಲಿ, ಯಾರೂ ಇಲ್ಲದಾಗಲೂ, ಅವನೊಂದು ಕೇಳಿದರೆ ಆಕೆ "ಹೂನ್ರಿ" ಅನ್ನುತ್ತಿದ್ದಳು. ನೀರು ಬೇಕೇ? ಹೂನ್ರಿ. ಕಿಟಕಿ ಮುಚ್ಚಲೇ? ಹೂನ್ರಿ. ಆ ಹೂಂ ಮನಸ್ಸಿನದೋ ಮರ್ಯಾದೆಯದೋ ಅವನಿಗೆ ತಿಳಿಯುತ್ತಿರಲಿಲ್ಲ. ಕೊಳಕೂರಿನ ಹುಡುಗಿ, ತವರಿನಲ್ಲಿ ಬಲು ಮಾತಿನವಳು ಅಂತ ಅವಳ ಅಣ್ಣನೇ ಹೇಳಿದ್ದ. ಆ ಮಾತೆಲ್ಲ ಎಲ್ಲಿ ಹೋಯಿತು ಎಂದು ಗುರುಶಾಂತ ಒಮ್ಮೊಮ್ಮೆ ಯೋಚಿಸುತ್ತಿದ್ದ.

ಈಗ ಆ ಹೂಂ ದೊಡ್ಡ ಪ್ರಶ್ನೆಯಾಗಿ ಎದುರು ನಿಂತಿತ್ತು. ಎಳ್ಳ ಅಮಾವಾಸ್ಯೆ ಮುಗಿದ ಮೇಲಿನ ಶನಿವಾರ ಆಳಂದದ ಆಚೆ, ಕೆರೆಯ ದಂಡೆಯ ಮೇಲೆ ಹಳೇ ಮೋಟರ್‌ಸೈಕಲ್‌ಗಳ ರ್‍ಯಾಲಿ. ಸೊಲ್ಲಾಪುರ, ವಿಜಯಪುರ, ಬೀದರ ಕಡೆಯಿಂದೆಲ್ಲ ಗಾಡಿಗಳು ಬರುತ್ತಿದ್ದವು. ಎರಡು ರಾತ್ರಿ ಬಯಲಲ್ಲೇ ಡೇರೆ ಹಾಕಿ ಮಲಗುವುದು. ಗುರುಶಾಂತನ ಬಳಿ ಹಳೆಯದೊಂದು ಬುಲೆಟ್ ಇತ್ತು. ಅದನ್ನು ಬಿಚ್ಚಿ ಕಟ್ಟಿಕೊಟ್ಟವನು ಅಫಜಲಪುರದ ಗ್ಯಾರೇಜಿನ ಅಜರುದ್ದೀನ, ಅವನ ಬಾಲ್ಯದ ಗೆಳೆಯ. ಅಜರುದ್ದೀನ ಹೋದ ವರ್ಷವೇ ಹೆಂಡತಿ ಗುಲಫಶಾಳನ್ನು ಹಿಂದೆ ಕೂರಿಸಿಕೊಂಡು ಹೋಗಿದ್ದ. ಈ ವರ್ಷವೂ ಹೊರಟಿದ್ದ.

ಗುರುಶಾಂತನಿಗೆ ಶಿವಕಾಂತಾ ಬರಬೇಕು ಅನ್ನಿಸಿತ್ತು. ತುಂಬ ಅನ್ನಿಸಿತ್ತು. ಆದರೆ ಕೇಳಿದರೆ ಆಕೆ "ಹೂನ್ರಿ" ಅನ್ನುತ್ತಾಳೆ. ಬರುವ ಮನಸ್ಸಿಲ್ಲದೆ, ಗಂಡ ಕರೆದನಲ್ಲ ಅಂತ ಚಳಿಯಲ್ಲಿ ನಡುಗಲು ಬರುತ್ತಾಳೆ. ಅಂಥ ಹೂಂ ಅವನಿಗೆ ಬೇಡವಾಗಿತ್ತು. ಹಾಗಾಗಿ ಕೇಳದೆ ಸುಮ್ಮನಿದ್ದ. ಅವನು ಸುಮ್ಮನಿದ್ದುದಕ್ಕೆ ಸಾಬಮ್ಮ ತನ್ನದೇ ಲೆಕ್ಕ ಹಾಕಿದಳು: ಮಗ ಇಲ್ಲದ ಎರಡು ದಿನ ಸೊಸೆ ಕೊಳಕೂರಿಗೆ ಹೋಗಿ ಬರಲಿ, ಶುಕ್ರವಾರ ಅವಳ ಅಣ್ಣ ಬಂದು ಕರೆದೊಯ್ಯಲಿ.

"ನಿನ್ನ ಗಂಡ ಗಾಡಿ ಏರಿ ಹೋಗ್ತಾನ, ನೀ ತವರಿಗಿ ಹೋಗಿ ಬಾ. ಹೋಗ್ತೀಯಿಲ್ಲವಾ?"

"ಹೂನ್ರಿ ಅತ್ತಿ," ಅಂದಳು ಶಿವಕಾಂತಾ.

ಅಂಗಳದಲ್ಲಿ ಗಾಡಿ ಒರೆಸುತ್ತಿದ್ದ ಗುರುಶಾಂತನ ಕೈ ನಿಂತಿತು. ಅದು ಯಾವ ಹೂಂ?

ಭಾನುವಾರ ಡೇರೆಯನ್ನು ಹಾಕಿ ನೋಡುವ ಕೆಲಸ. ಅಜರುದ್ದೀನ ಕೊಟ್ಟಿದ್ದ ಡೇರೆ ಹಸಿರು ಬಣ್ಣದ್ದು. ಬಿಚ್ಚಿದರೆ ಅಂಗಳವೆಲ್ಲ ತುಂಬಿತು. ಯಾವ ಕಡ್ಡಿಗೆ ಯಾವುದನ್ನು ಸೇರಿಸಬೇಕೋ ಗುರುಶಾಂತನಿಗೆ ಹೊತ್ತಾದರೂ ಹೊಳೆಯಲಿಲ್ಲ. ಬೀರಲಿಂಗಪ್ಪ ಹೊರಸಿನ ಮೇಲೆ ಕೂತು ಎಲೆ ಅಡಿಕೆ ಜಗಿಯುತ್ತ ನೋಡುತ್ತಿದ್ದ.

"ನಮ್ಮಜ್ಜ ಕುರಿ ಹಿಂಡಿನ ಜೋಡಿ ಸುಗ್ಗಿ ಮುಗಿಯೂತನಕ ಹೊಲದಾಗ ಮಲಗ್ತಿದ್ದ. ಅಂವಗ ಅಕ್ಷರ ಬರ್ತಿರಲಿಲ್ಲ, ಅದಕ್ಕ ಮಲಗ್ತಿದ್ದ," ಅಂದ. "ಮರಿಮೊಮ್ಮಗ ಎಂ.ಎ. ಓದಿ ಚಳ್ಯಾಗ ಮಲಗಾಕ ಹೊಂಟಾನ."

ಅಡುಗೆಮನೆಯೊಳಗಿಂದ ಕಿಸಕ್ಕನೆ ನಗು ಕೇಳಿತು. ಗುರುಶಾಂತ ತಿರುಗಿ ನೋಡುವಷ್ಟರಲ್ಲಿ ಸೆರಗಿನ ತುದಿ ಮಾತ್ರ ಕಂಡಿತು. ಅಷ್ಟರಲ್ಲಿ ಡೇರೆ ಹೇಗೋ ಎದ್ದು ನಿಂತಿತು. ನಿಂತ ಕೂಡಲೇ ಮನೆಯ ಆಡು ಒಳಗೆ ಹೊಕ್ಕು ಮಲಗಿಬಿಟ್ಟಿತು. ಕಾಲು ಹಿಡಿದು ಎಳೆದರೂ ಬರಲೊಲ್ಲದು.

"ಅತ್ತಿ, ಅವರಿಗಿ ಹೇಳ್ರಿ," ಒಳಗಿಂದ ದನಿ ಬಂತು, "ಆಡಿಗಿ ಹುಲ್ಲು ತೋರಸ್ರಿ, ಇತಿಹಾಸ ಹೇಳಬ್ಯಾಡ್ರಿ ಅಂತ."

ಸಾಬಮ್ಮ ಈ ಮಾತನ್ನು ಮುಂದಕ್ಕೆ ದಾಟಿಸಲಿಲ್ಲ. ನಕ್ಕು ನಕ್ಕು ಅವಳಿಗೆ ಕೆಮ್ಮು ಹತ್ತಿತ್ತು.

ಬೀರಲಿಂಗಪ್ಪ ಎದ್ದು ಹೋಗಿ ಕರಿ ಕಂಬಳಿ ತಂದು ಡೇರೆಯೊಳಗೆ ಎಸೆದ. "ಇದನ್ನ ಕೆಳಗ ಹಾಸ್ಕೋ. ಮ್ಯಾಲೆ ಏನು ಹೊದ್ಕೋತಿ?"

ಮೇಲೆ ಹೊದೆಯುವುದಕ್ಕೆ ಕೌದಿ ಸಿದ್ಧವಾಗುತ್ತಿತ್ತು. ರ್‍ಯಾಲಿಯ ಸುದ್ದಿ ಮನೆಯಲ್ಲಿ ಬಿದ್ದ ದಿನದಿಂದ ಶಿವಕಾಂತಾ ಮಧ್ಯಾಹ್ನ ಕೆಲಸ ಮುಗಿಸಿ ಪಡಸಾಲೆಯಲ್ಲಿ ಹಳೇ ಬಟ್ಟೆ ಹರಡಿಕೊಂಡು ಕೂರುತ್ತಿದ್ದಳು. ಅತ್ತೆಯ ಇಳಕಲ್ ಸೀರೆಗಳು, ಮಾವನ ಧೋತರ, ಗುರುಶಾಂತ ಕಾಲೇಜು ಓದುವಾಗ ತೊಟ್ಟಿದ್ದ ನೀಲಿ ಅಂಗಿ. ಒಂದು ಮೂಲೆಯಲ್ಲಿ ಅವಳು ತವರಿಂದ ತಂದ ಹಸಿರು ಲಂಗದ ತುಂಡು. ಉದ್ದ ಸೂಜಿಯಿಂದ ಸಾಲುಸಾಲಾಗಿ ಹೊಲಿಗೆ ಹಾಕುತ್ತ ನಡುವೆ ಒಂದಿಷ್ಟು ಜಾಗ ಹೊಲಿಯದೆ ಬಿಟ್ಟಿದ್ದಳು. ಅದು ಕೌದಿಯ ಹೊಟ್ಟೆ. ಕೊನೆಗೆ ಅದರಲ್ಲಿ ಒಂದು ಚೂರು ರೊಟ್ಟಿ ಇಟ್ಟು ಬಾಯಿ ಹೊಲಿಯಬೇಕು. ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದೆ ಅನ್ನುವುದು ಸಾಬಮ್ಮನ ನಂಬಿಕೆ.

ಮರುದಿನ ಕಾಲೇಜು ಬಿಟ್ಟ ಮೇಲೆ ಗುರುಶಾಂತ ಗ್ಯಾರೇಜಿಗೆ ಹೋದ. ಅಜರುದ್ದೀನ ಗಾಡಿಯ ಚೈನಿಗೆ ಎಣ್ಣೆ ಹಾಕುತ್ತ, "ಸಾಮಾನು ಎಲ್ಲಿ ಕಟ್ಟತಿ?" ಅಂದ.

"ಹಿಂದಿನ ಸೀಟಿನಮ್ಯಾಲ."

"ಹಿಂದಿನ ಸೀಟು ಸಾಮಾನಿಗೇನಲೇ?"

"ಮತ್ತ ಯಾರಿಗಿ?"

ಅಜರುದ್ದೀನ ಎಣ್ಣೆಯ ಡಬ್ಬಿ ಕೆಳಗಿಟ್ಟ. "ವಾಹ್ ಪ್ರೊಫೇಸರ್! ನಾ ಗುಲಫಶಾನ ಕರ್ಕೊಂಡು ಹೊಂಟೇನಿ. ಅಕಿ ಹೊಂಟಾಳಂತ ಖೈಮಾ, ಉಪ್ಪಿನಕಾಯಿ, ಸ್ಟವ್ವು ಎಲ್ಲಾ ಹೊಂಟಾವ. ನೀ ಒಬ್ಬನ ಅಷ್ಟು ದೊಡ್ಡ ಡೇರೇದಾಗ ದೆವ್ವದಂಗ ಮಲಗ್ತೀಯೇನು? ಭಾಬೀನ ಕರೀ ಯಾರ್."

"ಅಕಿ ತವರಿಗಿ ಹೊಂಟಾಳ."

"ಕೇಳ್ದಿಯೇನು?"

ಗುರುಶಾಂತ ಗಾಡಿಯ ಹಿಂದಕ್ಕೆ ಹೋದ. ಹಗ್ಗದ ತುಂಡೊಂದನ್ನು ತೆಗೆದುಕೊಂಡು ಹಿಂದಿನ ಸೀಟಿನ ಉದ್ದಗಲ ಅಳೆದು ಗಂಟು ಹಾಕಿಕೊಂಡ. ಕೇಳಲಾಗದವನು ಅಳೆಯುವುದಾದರೂ ಮಾಡಬೇಕಲ್ಲ.

ಸಂಜೆ ಮನೆಗೆ ಬಂದಾಗ ಕೌದಿ ಪಡಸಾಲೆಯ ತುಂಬ ಹಾಸಿತ್ತು. ಶಿವಕಾಂತಾ ಹಿತ್ತಲಲ್ಲಿದ್ದಳು. ಅವನು ಕೌದಿ ಮಡಚಿ, ಹಗ್ಗ ಹಿಡಿದು ನೋಡಿದ. ಎಷ್ಟು ಸಲ ಮಡಚಿದರೂ ಸುರುಳಿ ಸೀಟಿಗಿಂತ ದಪ್ಪವಾಗಿ, ಅತ್ತ ಇತ್ತ ಜೋತುಬೀಳುತ್ತಿತ್ತು. ಕಂಬಳಿ, ಡೇರೆ ಬೇರೆ ಕಟ್ಟಬೇಕು. ಇದರ ಅಗಲ ಬಹಳವಾಯಿತು. ಹೊಲಿಯುವವಳು ಅಳತೆ ತಪ್ಪಿದ್ದಾಳೆ, ಅಂದುಕೊಂಡ.

"ಅವ್ವ," ಅಂದ, "ಕೌದಿ ಅಗಲ ಆಗ್ಯಾದ. ಗಾಡಿಮ್ಯಾಲ ಕೂಡೂದಿಲ್ಲ. ಅರ್ಧ ಮಾಡು ಅಂತ ಹೇಳು."

ಹಿತ್ತಲಿಂದ ಬರುತ್ತಿದ್ದ ಶಿವಕಾಂತಾ ಬಾಗಿಲಲ್ಲೇ ನಿಂತಳು. ಸಾಬಮ್ಮ ಮಗನನ್ನೂ ಸೊಸೆಯನ್ನೂ ನೋಡಿದಳು. ಈ ಸಲ ಮಾತನ್ನು ಮತ್ತೆ ಹೇಳುವ ಅಗತ್ಯ ಬೀಳಲಿಲ್ಲ.

"ಹೂನ್ರಿ," ಅಂದಳು ಶಿವಕಾಂತಾ. ಕೂತಳು. ಕೌದಿಯ ಅಂಚನ್ನು ತೊಡೆಯ ಮೇಲೆ ಎಳೆದುಕೊಂಡು ಸೂಜಿಯ ಮೊನೆಯಿಂದ ಹೊಲಿಗೆ ಬಿಚ್ಚತೊಡಗಿದಳು. ದಾರ ಟಕ್ ಟಕ್ ಎಂದು ಹರಿಯುವ ಸಪ್ಪಳ ಬಿಟ್ಟರೆ ಪಡಸಾಲೆಯಲ್ಲಿ ಬೇರೆ ಸದ್ದಿರಲಿಲ್ಲ. ಮೌನದ ಬಗ್ಗೆ ತನಗೆ ತಿಳಿದಿದೆ ಎಂದು ಗುರುಶಾಂತ ಅಂದುಕೊಂಡಿದ್ದ. ಆದರೆ ಈ ಮೌನ ಅವನ ಪರಿಚಯದ್ದಾಗಿರಲಿಲ್ಲ.

ಸಾಬಮ್ಮ ಬಳ್ಳೊಳ್ಳಿಯ ಮೊರ ಧಡ್ಡನೆ ಕೆಳಗಿಟ್ಟಳು.

"ನಿನ್ನ ಓದಿಗಿ ಬೆಂಕಿ ಹಚ್ಚ. ಒಬ್ಬಂವ ಹೊದಿಯೂ ಕೌದಿ ಎಷ್ಟಗಲ ಇರತದ ಅಂತ ಅಕಿಗಿ ಗೊತ್ತಿಲ್ಲೇನು? ನಮ್ಮವ್ವನ ಕಾಲದಿಂದ ಹೆಣ್ಮಕ್ಕಳು ಕೌದಿ ಹೊಲ್ಯಾಕತ್ತಾರ, ಯಾರೂ ಅಳತಿ ತಪ್ಪಿಲ್ಲ. ಅಕಿನೂ ತಪ್ಪಿಲ್ಲ." ಸೆರಗು ತಲೆಯ ಮೇಲೆಳೆದುಕೊಂಡು ಎದ್ದಳು. "ನಾ ನಿಂಬೆವ್ವನ ಮನಿಗಿ ಹೊಂಟೇನಿ. ಇವತ್ತಿಗಿ ಟಪಾಲು ಬಂದ್. ಹೇಳೂದಿದ್ರ ನೀವ ಹೇಳ್ಕೋರಿ."

ಬೀರಲಿಂಗಪ್ಪ ಹೊಲದಿಂದ ಬಂದಿರಲಿಲ್ಲ. ಮನೆಯಲ್ಲಿ ಇಬ್ಬರೇ ಉಳಿದರು.

ಗುರುಶಾಂತ ಹಾಸಿದ ಕೌದಿಯನ್ನೇ ನೋಡಿದ. ತನ್ನ ನೀಲಿ ಅಂಗಿ ಒಂದು ಅಂಚಿನಲ್ಲಿತ್ತು, ಹಸಿರು ಲಂಗದ ತುಂಡು ಎದುರಿನ ಅಂಚಿನಲ್ಲಿ. ನಡುವೆ ಇಬ್ಬರು ಆರಾಮಾಗಿ ಮಲಗುವಷ್ಟು ಜಾಗ. ಆಕೆ ಇಷ್ಟು ದಿನ ಕೂತು, ಒಂದು ಮಾತೂ ಆಡದೆ, ಎಲ್ಲವನ್ನೂ ಹೇಳಿ ಮುಗಿಸಿದ್ದಳು. ಅವನು ಅದನ್ನು ಹಗ್ಗ ಹಿಡಿದು ಅಳೆದಿದ್ದ.

"ಬಿಚ್ಚಬ್ಯಾಡ," ಅಂದ.

ಶಿವಕಾಂತಾ ರೂಢಿಯಂತೆ, "ಅತ್ತಿ, ಅವರಿಗಿ..." ಅನ್ನುತ್ತ ತಲೆ ಎತ್ತಿದಳು. ಅತ್ತೆ ಕೂರುವ ಜಾಗದಲ್ಲಿ ಮೊರವೊಂದೇ ಇತ್ತು. ಮತ್ತೆ ತಲೆ ತಗ್ಗಿಸಿದಳು. ಆದರೆ ಸೂಜಿ ನಿಂತಿತ್ತು.

ಗುರುಶಾಂತ ಅವಳೆದುರು, ಕೌದಿಯ ಆಚೆ ಅಂಚಿಗೆ ಕೂತ. "ಶನಿವಾರ ನನ್ನ ಜೋಡಿ ಬರ್ತೀಯೇನು?"

ಕೇಳಿಬಿಟ್ಟ ಮೇಲೆ ಅವನಿಗೆ ಅಂಜಿಕೆಯಾಯಿತು. ಈಗ ಆ "ಹೂನ್ರಿ" ಬಂದರೆ ಮತ್ತೆ ಎಲ್ಲವೂ ಮೊದಲಿದ್ದಲ್ಲಿಗೇ ಹೋಗುತ್ತದೆ. ಅವಳು ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತಿಕೊಂಡಳು.

"ಎಲ್ಲಿ ಕುಂದರ್ಲಿ?" ಅಂದಳು.

"ಆಂ?"

"ನಿಮ್ಮ ಗಾಡಿಮ್ಯಾಲ ಎಲ್ಲಿ ಕುಂದರ್ಲಿ ಅಂತೇನಿ. ಸೀರಿ ಗಾರ್ಡ್ ಕಿತ್ತಿ ದನದ ಕೊಟ್ಟಿಗ್ಯಾಗ ನೇತುಹಾಕೀರಿ. ಲಗ್ನ ಆಗಿ ಬಂದ ದಿನಾನ ನೋಡೀನಿ. ನನ್ನ ಸೆರಗು ಚಕ್ರದಾಗ ಹೋಗ್ಲೇನು?" ತಲೆ ಎತ್ತಿದಳು. "ಮದಲ ಅದನ್ನ ಹಚ್ಚಸ್ರಿ. ಆಮ್ಯಾಲ ಕೇಳ್ರಿ, ಬರ್ತೀಯೇನಂತ."

ಗುರುಶಾಂತನ ಎದೆ ಹಗುರಾಯಿತು. ಮದುವೆಗೆ ಮೊದಲು, ಹುಡುಗರ ಗಾಡಿಗೆ ಈ ಬೇಲಿ ಯಾಕೆಂದು ಅದನ್ನು ತೆಗೆಸಿದ್ದ. ಆಮೇಲೆ ಮರೆತಿದ್ದ. ಊರಿಗೆ ಹೋಗುವಾಗಲೆಲ್ಲ ಬಸ್ಸಿನಲ್ಲೇ ಹೋಗಿದ್ದರು. ತನಗೆ ಹಿಂದೆ ಜಾಗವಿಲ್ಲವೆಂದು ಆಕೆ ತಿಳಿದುಕೊಂಡಿದ್ದರೆ ಅದರಲ್ಲಿ ತಪ್ಪೇನು? ಅವನಿಗೆ ಬೈಗುಳ ತಿಂದು ಇಷ್ಟು ಸಂತೋಷ ಎಂದೂ ಆಗಿರಲಿಲ್ಲ.

"ನಾಳಿಗೇ ಹಚ್ಚಸ್ತೇನಿ."

"ಮತ್ತ ನಮ್ಮಣ್ಣಗ ಬರಬ್ಯಾಡ ಅಂತ ಫೋನ್ ಯಾರು ಮಾಡ್ತಾರ?"

"ನೀನ ಮಾಡು."

"ನಾ ಮಾಡಿದ್ರ, ಗಂಡ ಸಿಕ್ಕಮ್ಯಾಲ ತವರು ಮರ್ತಳು ಅಂತಾನ. ನೀವ ಮಾಡ್ರಿ."

"ಹೂನ್ರಿ," ಅಂದ ಗುರುಶಾಂತ.

ಆಕೆ ಮೊದಲು ಅವನನ್ನು ದಿಟ್ಟಿಸಿದಳು. ಆಮೇಲೆ ಸೂಜಿ ಹಿಡಿದ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು ನಕ್ಕಳು.

ಬೆಳಿಗ್ಗೆ ಅವನು ಕೊಟ್ಟಿಗೆಗೆ ಹೋಗಿ ನೋಡಿದರೆ ಸೀರೆ ಗಾರ್ಡಿನ ಒಂದೊಂದು ಕಂಬಿಗೂ ಬಳ್ಳೊಳ್ಳಿಯ ಗೊಂಚಲು ಕಟ್ಟಿತ್ತು. ಬಿಡಿಸುವಾಗ ಸಾಬಮ್ಮ ಬಂದು ನಿಂತಳು. "ನನ್ನ ಬಳ್ಳೊಳ್ಳಿ ಇನ್ನ ಎಲ್ಲಿ ಕಟ್ಲೋ?" ಅಂದಳು, ಅನ್ನುತ್ತಲೇ ತಾನೂ ಗಂಟು ಬಿಚ್ಚಿದಳು.

ಗ್ಯಾರೇಜಿನಲ್ಲಿ ಅಜರುದ್ದೀನ ಗಾರ್ಡನ್ನು ಮೂಸಿ ನೋಡಿದ. "ಯಾ ಅಲ್ಲಾ, ಬಿರಿಯಾನಿ ವಾಸನಿ ಬರಾಕತ್ತದ ಗಾಡಿಗಿ." ಬೋಲ್ಟು ಬಿಗಿಯುತ್ತ ನಗುತ್ತಲೇ ಇದ್ದ. "ಸೊಲ್ಲಾಪುರದವರು ಏನೇನೋ ದೀಪ ಹಚ್ಕೊಂಡು ಬರ್ತಾರ, ನಮ್ಮ ಪ್ರೊಫೇಸರ್ ಬಳ್ಳೊಳ್ಳಿ ಗಾರ್ಡ್ ಹಚ್ಕೊಂಡು ಹೊಂಟ. ಕೇಳ್ದಿ ಅಂದಂಗಾಯ್ತು?"

"ಕೇಳ್ದೆ."

"ಏನಂದಳು?"

"ಬೈದಳು."

"ಹಾಂ! ಹಂಗಾದ್ರ ಬರ್ತಾಳ," ಅಂದ ಅಜರುದ್ದೀನ. "ಗುಲಫಶಾಗ ಹೇಳ್ತೇನಿ, ಖುಷಿ ಪಡ್ತಾಳ. ಹೋದ ವರ್ಷ ಅಕಿಗಿ ಮಾತಾಡಾಕ ಯಾರೂ ಇರಲಿಲ್ಲಂತ ನನ್ನ ಜೀವಾ ತಿಂದಿದ್ಲು."

ಉಳಿದ ದಿನಗಳು ತಯಾರಿಯಲ್ಲೇ ಹೋದವು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಖಡಕ್ಕಾಗಿ ಒಣಗಿದವು, ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕುಟ್ಟಿಯಾಯಿತು, ಮೆಂತ್ಯೆ ಹಾಕಿದ ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟಿ ಬಿಸಿಲಿಗಿಟ್ಟದ್ದಾಯಿತು. ಬಿಚ್ಚಿದ ಅಂಚನ್ನು ಶಿವಕಾಂತಾ ಮತ್ತೆ ಹೊಲಿದಳು. ಶುಕ್ರವಾರ ಮಧ್ಯಾಹ್ನ ಕೌದಿಯ ಹೊಟ್ಟೆ ತುಂಬುವ ಹೊತ್ತಿಗೆ ಸಾಬಮ್ಮ ರೊಟ್ಟಿಯ ಚೂರು ಮುರಿದು ತಾನು ಇಡಲಿಲ್ಲ, ಮಗನ ಕೈಗೆ ಕೊಟ್ಟಳು.

"ನೀನ ಇಡು. ಇಷ್ಟು ದಿನ ನಡುವ ಕುಂತು ನನಗೂ ಸಾಕಾಗ್ಯಾದ."

ಗುರುಶಾಂತ ಇಟ್ಟ. ಶಿವಕಾಂತಾ ಅವನ ಬೆರಳು ಹೊರಬರುವುದನ್ನೂ ಕಾಯದೆ ಸೂಜಿ ಚುಚ್ಚಿದಳು. ಅವನು ಗಪ್ಪನೆ ಕೈ ಎಳೆದುಕೊಂಡ.

ಕೌದಿಯ ಅಗಲದ ಸಮಸ್ಯೆ ಹಾಗೇ ಇತ್ತಲ್ಲ, ಅದನ್ನು ಬಗೆಹರಿಸಿದವಳೂ ಅವಳೇ. ಶನಿವಾರ ಬೆಳಿಗ್ಗೆ, ಬಲಗಡೆ ಡೇರೆ, ಅದರ ಮೇಲೆ ಕಂಬಳಿ, ಮುಂದೆ ರೊಟ್ಟಿಯ ಗಂಟು ಕಟ್ಟಿ ಮುಗಿದಾಗ ಕೌದಿ ಕೈಯಲ್ಲೇ ಉಳಿದಿತ್ತು. ಅವಳು ಅದನ್ನು ಮಡಚಿ ಹಿಂದಿನ ಸೀಟಿನ ಮೇಲಿಟ್ಟು, ಅದರ ಮೇಲೆ ಹತ್ತಿ ಕೂತಳು. ಅತ್ತ ಇತ್ತ ಜೋತ ಅಂಚನ್ನು ತೊಡೆಗೆ ಸುತ್ತಿಕೊಂಡಳು. ಸೀರೆ ಗಾರ್ಡಿನ ಮೇಲೆ ಕಾಲು ಊರಿ ಒಮ್ಮೆ ತುಳಿದು ನೋಡಿದಳು, ಗಟ್ಟಿಯಿದೆಯೋ ಇಲ್ಲವೋ ಅಂತ.

ಕಬ್ಬಿನ ಗದ್ದೆಯ ಮೇಲೆ ಮಂಜಿನ್ನೂ ಇತ್ತು. ಬಾಯಿಂದ ಹೊಗೆ ಬರುತ್ತಿತ್ತು. ಸಾಬಮ್ಮ ಬಾಗಿಲಲ್ಲಿ ನಿಂತು ಮಗನ ಕೊರಳು ತೆರೆದಿರುವುದನ್ನು ಕಂಡಳು. ಮಗನಿಗೆ ಹೇಳಲಿಲ್ಲ.

"ಶಿವಕಾಂತಾ, ಅಂಗಿ ಗುಂಡಿ ಹಾಕ್ಕೋ ಅಂತ ಹೇಳವಾ ನಿನ್ನ ಗಂಡಗ."

"ಗುಂಡಿ ಹಾಕ್ಕೋರಿ," ಅಂದಳು ಶಿವಕಾಂತಾ, ಅತ್ತೆ ಮಾವ ಇಬ್ಬರ ಎದುರೇ. ಬೀರಲಿಂಗಪ್ಪ ಎಲೆ ಉಗುಳುವ ನೆಪ ಮಾಡಿ ಆಚೆ ತಿರುಗಿದ.

ಗುರುಶಾಂತ ಗುಂಡಿ ಹಾಕಿಕೊಂಡು ಕಿಕ್ ಹೊಡೆದ. ಊರು ದಾಟುವವರೆಗೂ ಇಬ್ಬರೂ ಮಾತಾಡಲಿಲ್ಲ. ಆಮೇಲೂ ಬಹಳ ದೂರ ಮಾತಾಡಲಿಲ್ಲ. ಜೋಳದ ತೆನೆಗಳ ನಡುವೆ ದಾರಿ ನೇರವಾಗಿತ್ತು, ಗಾಳಿ ಕಿವಿ ಕೊಯ್ಯುತ್ತಿತ್ತು. ಆಕೆ ಕೌದಿಯ ಒಂದು ಅಂಚನ್ನು ಬಿಡಿಸಿ ಅವನ ಬೆನ್ನಿಗೆ ಹೊದಿಸಿ, ಹಾರದ ಹಾಗೆ ಎರಡೂ ಕೈಯಿಂದ ಹಿಡಿದುಕೊಂಡಳು. ಅಗಲ ಸಾಕಾಗಿತ್ತು.