ಕೊಬ್ಬರಿ ಎಣ್ಣೆ, ನೂರಕ್ಕೆ ತೊಂಬತ್ತೊಂದು

ಮತ್ತೆ ಕೊಬ್ಬರಿ ಎಣ್ಣೆ. ನೂರಕ್ಕೆ ತೊಂಬತ್ತೊಂದು ಹೊಂದಾಣಿಕೆ.

ರಾಜಾರಾಮ ಹನಿಯನ್ನು ಒರೆಸಿ, ಬಾಟಲಿಯಿಂದ ಹೊಸದು ಹಚ್ಚಿ, ಮೂರನೆಯ ಸಲ ಗುಂಡಿ ಒತ್ತಿದ. ಯಂತ್ರ ಹನಿಯೊಳಗೆ ಬೆಳಕು ಹಾಯಿಸಿ ಏರಿಳಿತದ ಒಂದು ಗೆರೆ ಬರೆಯಿತು. ಕಂಪ್ಯೂಟರು ಆ ಗೆರೆಯನ್ನು ಹನ್ನೆರಡು ಫ್ಲಾಪಿಗಳಲ್ಲಿ ಬಂದಿದ್ದ, ಗೊತ್ತಿರುವ ವಸ್ತುಗಳ ಆರು ಸಾವಿರ ಗೆರೆಗಳ ಪಕ್ಕ ಹಿಡಿದು ನೋಡಿತು. ಕೊಬ್ಬರಿ ಎಣ್ಣೆ.

ಅಥಣಿಯ ದ್ರಾಕ್ಷಿ ಬೆಳೆಗಾರರ ಸಂಘ ಔಷಧ ಪರೀಕ್ಷಿಸುವ ಈ ಯಂತ್ರವನ್ನೂ ಅದನ್ನು ನಡೆಸಲು ಅವನನ್ನೂ ಒಂದೇ ತಿಂಗಳಲ್ಲಿ ತಂದಿತ್ತು. ಯಂತ್ರಕ್ಕೆ ಪೂಜೆಯಾಗಿತ್ತು. ಅವನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ.

ಹೊಸ್ತಿಲ ಹತ್ತಿರ ಅನಂತಪುರದ ಸತ್ತೆವ್ವ ಕೂತಿದ್ದಳು. ಅವಳ ಗಂಡ ಕಾಮಣ್ಣ ನಿನ್ನೆ ದ್ರಾಕ್ಷಿ ತೋಟದಲ್ಲಿ ಔಷಧ ಹೊಡೆಯುತ್ತಿದ್ದವನು ಬಾಯಲ್ಲಿ ನೊರೆ ಬಂದು ಬಿದ್ದಿದ್ದ. ಡ್ರಮ್ಮಿಗೆ ಏನು ಹಾಕಿದ್ದರೆಂದು ತೋಟದಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಆ ಔಷಧದ ಹೆಸರು ತಂದರೆ ಅದಕ್ಕೆ ತಕ್ಕ ಇಂಜೆಕ್ಷನ್ ಕೊಡುತ್ತೇನೆಂದು ದವಾಖಾನೆಯ ಡಾಕ್ಟರು ಹೇಳಿದ್ದರು.

"ಇದು ಯಾವ ಬಾಟ್ಲಿರಿ?"

"ತಲಿಗೆ ಹಚ್ಚೂ ಎಣ್ಣಿದ್ರಿ."

"ತೊಳೀಲಿಲ್ಲೇನು?"

"ಬೂದಿ ಹಚ್ಚಿ ತೊಳದೀನ್ರಿ. ಆದ್ರ ಡ್ರಮ್ಮಿನ ತಳದಾಗ ಉಳದ ಔಷಧ ಒಂದೀಟ ಇತ್ರಿ. ಬರೇ ತಳಾ ಕಾಣೂ ಬಾಟ್ಲಿ ದೊಡ್ಡೋರ ಮುಂದ ಹೆಂಗ ಇಡೂದ್ರಿ? ಅದಕ್ಕ ಮ್ಯಾಲ ಎಣ್ಣಿ ಹಾಕಿ ತುಂಬಿಸಿ ತಂದೀನಿ."

ಅವನಿಗೆ ನಗು ಬಂತು. ಮರುಕ್ಷಣ ನಗು ನಿಂತಿತು. ಅವನ ತಾಯಿಯೂ ಮಜ್ಜಿಗೆ ತಂದ ಚರಿಗೆಯನ್ನು ಬರಿದಾಗಿ ಹಿಂತಿರುಗಿಸುತ್ತಿರಲಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಜೋಳವಾದರೂ ಹಾಕುತ್ತಿದ್ದಳು.

ಸತ್ತೆವ್ವ ಅವನ ಮುಖವನ್ನೇ ನೋಡುತ್ತಿದ್ದಳು.

"ನೀವು ಪಾಲಬಾವಿ ಜನಾಬಾಯಿ ಮಗಾ ಅಲ್ಲೇನ್ರಿ? ಮೂಗ ಅಕೀದ ಐತಿ."

"ಅಲ್ಲ," ಎಂದ. ಅಷ್ಟು ಬೇಗ ಹೇಳಿದ್ದಕ್ಕೆ ಅವನಿಗೇ ನಾಚಿಕೆಯಾಯಿತು.

ಬಾಟಲಿಯ ಮುಚ್ಚಳ ತೆಗೆದಾಗಲೇ ಆ ಮೂಗಿಗೆ ಗೊತ್ತಾಗಿತ್ತು. ಕೊಬ್ಬರಿಯ ಅಡಿಯಲ್ಲಿ ಕೊಳೆತ ಬೆಳ್ಳುಳ್ಳಿಯ ವಾಸನೆ. ಕೂಲಿಗೆ ಹೋಗಿ ಔಷಧ ಹೊಡೆದು ಬಂದ ಸಂಜೆ ತಾಯಿಯ ಸೀರೆಗೆ ಇದೇ ವಾಸನೆ ಇರುತ್ತಿತ್ತು. ಪ್ಯಾರಾಥಿಯಾನ್ ಎಂಬ ಕೀಟನಾಶಕ. ಆದರೆ ವರದಿಯ ಹಾಳೆಯಲ್ಲಿ ಮೂಗಿಗೊಂದು ಕಾಲಮ್ಮು ಇರಲಿಲ್ಲ.

ಸಂಘದ ಅಧ್ಯಕ್ಷ ಕಾಕಾಸಾಹೇಬ ಒಳಗೆ ಬಂದ. ಕಾಮಣ್ಣ ಬಿದ್ದದ್ದು ಅವನದೇ ತೋಟದಲ್ಲಿ.

"ಏನಂತೈತ್ರಿ ನಿಮ್ಮ ಕಂಪ್ಯೂಟರ್?"

"ಎಣ್ಣಿ ಅಂತೈತ್ರಿ. ಆದ್ರ..."

"ಆದ್ರ ಏನ್ರಿ ಸಾಹೇಬ್ರ? ಇಷ್ಟ ರೊಕ್ಕದ ಮಿಷನ್ ಸುಳ್ಳ ಹೇಳತೈತೇನು?" ಕಾಕಾಸಾಹೇಬ ನಗುತ್ತಲೇ ಇದ್ದ. "ಅದು ಹೇಳಿದ್ದನ್ನ ಬರೀರಿ. ಸೋಮವಾರ ಮೀಟಿಂಗ್ ಐತಿ. ನಿಮ್ಮ ಖಾಯಂದ ವಿಚಾರ ಮುಗಿಸೂಣು."

ರಾಜಾರಾಮನಿಗೆ ಹೆದರಿಕೆಯಾಯಿತು. ಅದು ದೊಡ್ಡ ಹೆದರಿಕೆಯೂ ಆಗಿರಲಿಲ್ಲ, ಬಸ್ಸು ತಪ್ಪೀತೆಂಬಷ್ಟು. ಅವನು ಪ್ರಿಂಟರಿನ ಗುಂಡಿ ಒತ್ತಿದ.

ಸತ್ತೆವ್ವ ಹಾಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅವಳಿಗೆ ಓದಲು ಬರುತ್ತಿರಲಿಲ್ಲ.

"ಹೆಸರ ಸಿಕ್ತರಿ?"

"ಹೂಂ. ಬರದೈತಿ."

ಅವಳು ಕಾಲಿಗೆ ಬಗ್ಗಿದಳು. ಅವನು ಹಿಂದೆ ಸರಿದ. ಕಿಟಕಿಯಿಂದ ನೋಡಿದಾಗ ಅವಳು ದವಾಖಾನೆಯ ದಾರಿಯಲ್ಲಿ ಓಡುತ್ತಿದ್ದಳು. ತಿರುವಿನವರೆಗೂ ಕೂಗಬಹುದಿತ್ತು. ಅವಳು ತಿರುವು ದಾಟಿದಳು. ಕಾಕಾಸಾಹೇಬ ಚಹಾ ಹೇಳಿ ಕಳಿಸುವೆನೆಂದು ಹೊರಟುಹೋದ.

ರಾಜಾರಾಮ ಎಣ್ಣೆಯನ್ನು ಒರೆಸಿದ. ಮುಂದಿನ ಪರೀಕ್ಷೆಗೆ ಮೊದಲು ಯಂತ್ರವನ್ನು ಒಮ್ಮೆ ಖಾಲಿ ಓಡಿಸಬೇಕು. ಗುಂಡಿ ಒತ್ತಿದ, ಯಂತ್ರದ ಮುಚ್ಚಳ ಹಾಕಲಿಲ್ಲ. ಹನಿ ಇಡುವ ಖಾಲಿ ಗೂಡಿಗೆ ಬಾಯಿ ಹತ್ತಿರ ತಂದು, ಶಾಲೆಯಲ್ಲಿ ಪಾಠ ಒಪ್ಪಿಸುವಂತೆ ಸ್ಪಷ್ಟವಾಗಿ ಹೇಳಿದ:

"ಪ್ಯಾರಾಥಿಯಾನ್."

ಯಂತ್ರ ಅವನ ಉಸಿರಿನ ಗೆರೆ ಬರೆಯಿತು. ಕಂಪ್ಯೂಟರು ಆರು ಸಾವಿರವನ್ನೂ ಹುಡುಕಿತು.

ಇಂಗಾಲದ ಡೈಆಕ್ಸೈಡ್, ನೀರಾವಿ. ತೊಂಬತ್ತೆಂಟು.

ಆ ದಿನ ಬೇರಾವುದೂ ಇಷ್ಟು ಖಚಿತವಾಗಿ ಹೊಂದಿರಲಿಲ್ಲ. ಅಚ್ಚು ಹಾಕಬೇಕೇ ಎಂದು ಹಸಿರು ಪರದೆ ಮಿನುಗುತ್ತಾ ಕೇಳುತ್ತಿತ್ತು.